ಕುದಿಸಿದರೂ ಕುಗ್ಗದ ಟೋಪಿ

ಸ್ಟ್ರಾಮ್‌ನೆಸ್, ಆರ್ಕ್ನಿ ದ್ವೀಪ
13 ಫೆಬ್ರವರಿ 1983

ಪ್ರೀತಿಯ ವಾಟಿ ಮಾವನಿಗೆ ಸೆಂಗಾ ಬರೆಯುವುದು.

ನಾನೂ ಎರ್ಲೆಂಡನೂ, ಗಂಡಹೆಂಡಿರಿಬ್ಬರೂ ಚೆನ್ನಾಗಿದ್ದೇವೆ. ಗಾಳಿ ಮಾತ್ರ ನಾಲ್ಕು ದಿನದಿಂದ ಚೆನ್ನಾಗಿಲ್ಲ. ಎರ್ಲೆಂಡ್ ದೋಣಿ ಇಳಿಸಿಲ್ಲ; ಒಲೆಯ ಪಕ್ಕ ಕೂತು ಏಡಿಬುಟ್ಟಿ ರಿಪೇರಿ ಮಾಡುತ್ತಾ ನನ್ನ ತಲೆ ತಿನ್ನುತ್ತಿದ್ದಾನೆ.

ಸುದ್ದಿ ಹೇಳಿಬಿಡುತ್ತೇನೆ, ಕೂತುಕೊಂಡು ಓದಿ. ನಮ್ಮ ಬ್ಯಾಗ್‌ಪೈಪು ವಾದ್ಯ ತಂಡದ ಮುಂದಾಳು ಊದುವುದಕ್ಕೆ ಎದೆ ಸಾಲದೆಂದು ಜಾಗ ಬಿಟ್ಟುಕೊಟ್ಟರು. ಮತ ಹಾಕಿದಾಗ ಹನ್ನೊಂದು ಜನ ನನ್ನ ಕಡೆ, ಒಂಬತ್ತು ಜನ ಸಿಗರ್ಡ್ ಫ್ಲೆಟ್ ಕಡೆ. ಸಿಗರ್ಡ್ ಅಂದರೆ ನಮ್ಮ ಹಿರಿಯ ಪೈಪುಗಾರ, ನಗುವುದಕ್ಕೂ ಸಮಿತಿಯ ಅಪ್ಪಣೆ ಕೇಳುವವನು. ಜುಲೈ 23ರ ಮೆರವಣಿಗೆಯಲ್ಲಿ ನಾನು ಮುಂದೆ, ಇಡೀ ತಂಡ ನನ್ನ ಹಿಂದೆ. ಈ ಊರಲ್ಲಿ ಇಲ್ಲಿಯವರೆಗೆ ಯಾವ ಹೆಂಗಸೂ ಆ ಜಾಗದಲ್ಲಿ ನಡೆದಿಲ್ಲ ಮಾವ.

ಈಗ ಹೇಳಲೇಬೇಕಾದ ಇನ್ನೊಂದು ವಿಷಯ. ನನಗೆ ಹನ್ನೆರಡು ವರ್ಷವಾದಾಗ ನೀವು ಕೈಯಾರೆ ಮಾಡಿಕೊಟ್ಟ ನೀಲಿ ಟೋಪಿ ಇದೆಯಲ್ಲ, ಪ್ರತಿ ಕ್ರಿಸ್ಮಸ್‌ಗೂ 'ನಿಮ್ಮ ಟೋಪಿ ನನ್ನ ತಲೆ ಮೇಲೇ ಇದೆ' ಎಂದು ಬರೆಯುತ್ತಿದ್ದೆನಲ್ಲ, ಅದು ಸುಳ್ಳು. ಅದು ಇಪ್ಪತ್ತೊಂದು ವರ್ಷದಿಂದ ಬಿಸ್ಕತ್ ಡಬ್ಬಿಯಲ್ಲಿದೆ. ಹಾಕಿಕೊಂಡ ಅರ್ಧ ಗಂಟೆಗೆ ಹಣೆ ಸುತ್ತ ಬೆಂಕಿಪಟ್ಟಿ ಕಟ್ಟಿದ ಹಾಗೆ ದದ್ದು ಏಳುತ್ತದೆ, ಮೂರು ದಿನ ಇಳಿಯುವುದಿಲ್ಲ. ಡಾಕ್ಟರು ಬೆನ್ನಿಗೆ ಏನೇನೋ ಚೂರುಗಳನ್ನು ಅಂಟಿಸಿ ನೋಡಿ ಉಣ್ಣೆಯೇ ಕಾರಣ ಎಂದರು. ಒಳಗೆ ರೇಷ್ಮೆ ಹೊಲಿಸಿ ನೋಡಿದೆ. ಇಲ್ಲಿಯ ಮಳೆಗೆ ಉಣ್ಣೆಯ ನೀರೇ ಇಳಿದು ಬರುತ್ತದೆ, ರೇಷ್ಮೆ ಏನು ಮಾಡೀತು? ತಂಡದ ಟೋಪಿಯೂ ಉಣ್ಣೆಯದೇ. ಹಿಂದಿನ ಸಾಲಲ್ಲಿ ನಿಂತಿದ್ದಾಗ ಹಳೆಯ ಮುಂದಾಳು ಕಂಡೂ ಕಾಣದ ಹಾಗೆ ಇರುತ್ತಿದ್ದರು, ಬೀದಿ ತಿರುಗಿದ ಕೂಡಲೇ ಟೋಪಿ ತೆಗೆಯುತ್ತಿದ್ದೆ. ಮುಂದೆ ನಿಂತರೆ ಅದು ನಡೆಯುವುದಿಲ್ಲ.

ಸಿಗರ್ಡ್ ಸಭೆಯಲ್ಲೇ ಎದ್ದು ನಿಂತ. "ಬಂದರಿನ ದಕ್ಕೆ ಮೇಲಿಂದ ನೋಡಿದ್ರೆ ಇಪ್ಪತ್ತು ನೀಲಿ ತಲೆ ಕಾಣ್ಬೇಕು. ಹತ್ತೊಂಬತ್ತು ನೀಲಿ, ಒಂದು ನಿನ್ನ ಕೆಂಪು ಕೂದ್ಲು ಕಂಡ್ರೆ ಅದು ತಂಡ ಅಲ್ಲ ಕಣಮ್ಮ, ಹಣ್ಣಿನಂಗಡಿ" ಅಂದ. ಸಮಿತಿಯೂ ಹೌದೆಂದಿತು. ತಂಡದ ಟೋಪಿ ಹಾಕಿ ಪೂರ್ತಿ ದಾರಿ ನಡೆದರೆ ನಾನು ಮುಂದಾಳು, ಇಲ್ಲವಾದರೆ ಸಿಗರ್ಡ್.

ಉಣ್ಣೆಯೇ ಇಲ್ಲದ ನೀಲಿ ಟೋಪಿ ಆಗುತ್ತದೆಯೇ ಮಾವ? ಕೇಳುವುದಕ್ಕೂ ನಾಚಿಕೆ. ನಿಮ್ಮನ್ನಲ್ಲದೆ ಇನ್ಯಾರನ್ನು ಕೇಳಲಿ?

ನಿಮ್ಮ ಸೆಂಗಾ

ಸ್ಟೂವರ್ಟನ್, ಏರ್‌ಷೈರ್
19 ಫೆಬ್ರವರಿ 1983

ಚಿರಂಜೀವಿ ಸೆಂಗಾಳಿಗೆ, ಅವಳ ಸೋದರಮಾವನೂ ಈ ಸೀಮೆಯ ಮೊದಲನೇ ದರ್ಜೆಯ ಟೋಪಿಗಾರನೂ ಆದ ವಾಲ್ಟರ್ ಪಿಕನ್ ಮಾಡುವ ಆಶೀರ್ವಾದ.

ನಿನ್ನ ಪತ್ರದ ಮೊದಲ ಅರ್ಧ ಓದಿ ಬೀದಿಗೆ ಓಡಿದೆ. "ನನ್ನ ತಂಗಿ ಮಗಳು ಆರ್ಕ್ನಿಗೇ ಮುಂದಾಳು!" ಎಂದು ಬೇಕರಿಯಲ್ಲಿ ಕೂಗಿದೆ. ಎರಡನೇ ಅರ್ಧ ವಾಪಸು ಬಂದು ಓದಿದೆ. ಮೊದಲೇ ಪೂರ್ತಿ ಓದಿದ್ದರೆ ಕೂಗುವಾಗ ಇನ್ನೊಂದು ಚೂರು ಮೆಲ್ಲಗೆ ಕೂಗುತ್ತಿದ್ದೆ.

ಬಿಸ್ಕತ್ ಡಬ್ಬಿಯೇ? ಇರಲಿ. ಯಾರೋ ನಿನ್ನ ತಲೆಗೆ ತುಂಬಿದ್ದಾರೆ, ಈಗಿನ ಕಾಲದವರಿಗೆ ಕೈಟೋಪಿ ಅಂದರೆ ಅಸಡ್ಡೆ ಎಂದುಕೊಂಡೆ. ಆಮೇಲೆ ಡಾಕ್ಟರ ಮಾತು ಮತ್ತೆ ಓದಿದೆ. ಡಾಕ್ಟರು ಹೇಳಿದ ಮೇಲೆ ನಾನು ಏನು ಹೇಳಲಿ? ಸಿಟ್ಟು ಇಳಿಯಿತು, ಹುರುಪು ಏರಿತು.

ಕೇಳು ಹುಡುಗಿ. ಹದಿನಾಲ್ಕಕ್ಕೆ ಶಾಲೆ ಬಿಟ್ಟವನು ನಾನು. ಮೇಷ್ಟ್ರು "ಈ ಪಿಕನ್ ತಲೆಯೊಳಗೆ ಏನೂ ಹೋಗಲ್ಲ" ಅಂದಿದ್ದರು. ಹೋಗದಿದ್ದರೆ ಬೇಡ ಎಂದು ಐವತ್ತೊಂದು ವರ್ಷದಿಂದ ಊರವರ ತಲೆಯ ಮೇಲೆ ಹಾಕುತ್ತಾ ಬಂದಿದ್ದೇನೆ. ಸೈನ್ಯಕ್ಕೆ ಹಾಕಿದ್ದೇನೆ, ಪಾದ್ರಿಗೆ ಹಾಕಿದ್ದೇನೆ, ಒಬ್ಬ ಡ್ಯೂಕನ ಕುದುರೆಗೂ ಹಾಕಿದ್ದೇನೆ, ಕಿವಿಗೆ ತೂತು ಬಿಟ್ಟು. ಕುರಿಯ ಮೈಯಿಂದ ಬರುವುದನ್ನು ಹತ್ತಿಗಿಡದ ಮೈಯಿಂದ ತರಬೇಕು, ಅಷ್ಟೇ ತಾನೇ? ಕೆಲಸ ಅದೇ. ತಲೆಯ ಮೂರುಪಟ್ಟು ದೊಡ್ಡದಾಗಿ ಹೆಣೆಯುವುದು, ಹಂಡೆಯಲ್ಲಿ ಸೋಪು ಹಾಕಿ ಕುದಿಸಿ ಬಡಿದು ಕುಗ್ಗಿಸುವುದು, ಮರದ ಅಚ್ಚಿಗೆ ಎಳೆದು ಒಣಗಿಸುವುದು, ಮುಳ್ಳುಕಾಯಿಯಿಂದ ಉಜ್ಜಿ ಮೇಲೆ ಮೃದು ಮಾಡುವುದು. ಇನ್ನು ಎರಡು ಭಾನುವಾರದೊಳಗೆ ಟೋಪಿ ನಿನ್ನ ಕೈಯಲ್ಲಿ.

ಸಿಗರ್ಡ್‌ಗೆ ಹೇಳು, ಹಣ್ಣಿನಂಗಡಿ ಇಡುವುದಕ್ಕೆ ಬೇರೆ ಜಾಗ ನೋಡಿಕೊಳ್ಳಲಿ ಎಂದು.

ನಿನ್ನ ಮಾವ ವಾಟಿ

(ಸೆಂಗಾ, ಪತ್ರ ಅಂಚೆಗೆ ಹಾಕುವ ಕೆಲಸ ನನ್ನದು, ಅದಕ್ಕೇ ಈ ಎರಡು ಸಾಲು. ಡ್ಯೂಕನ ಕುದುರೆಯಲ್ಲ, ಹಾಲಿನವನ ಕತ್ತೆ. — ನೆಟ್ಟಿ ಅತ್ತೆ)

ಸ್ಟೂವರ್ಟನ್
6 ಮಾರ್ಚ್ 1983

ಚಿರಂಜೀವಿ ಸೆಂಗಾಳಿಗೆ ಮಾವನ ಆಶೀರ್ವಾದ.

ಮೊದಲ ಪ್ರಯೋಗ ಭರ್ಜರಿಯಾಗಿ ಮುಗಿಯಿತು. ಡಾರ್ವೆಲ್ ಕಡೆಯ ಪರದೆ ಗಿರಣಿಯಿಂದ ಹಾಲಿನಂಥ ದಪ್ಪ ಹತ್ತಿನೂಲು ತರಿಸಿದೆ. ಕಣ್ಣು ಮುಚ್ಚಿ ಹೆಣೆದೆ, ಕೈಗೆ ಲೆಕ್ಕ ಗೊತ್ತು. ಹಂಡೆಗೆ ಹಾಕಿದೆ. ಬೆಳಿಗ್ಗೆ ಎಂಟರಿಂದ ಕುದಿಸಿದೆ. ಹನ್ನೆರಡಕ್ಕೆ ತೆಗೆದು ಬಡಿದೆ. ಮತ್ತೆ ಕುದಿಸಿದೆ. ನಾಲ್ಕಕ್ಕೆ ರ‍್ಯಾಬ್ ಗೆಮೆಲ್ ಬಂದ. ಗೊತ್ತಲ್ಲ, ಆಚೆ ಬೀದಿಯ ಟೋಪಿಗಾರ, ಅಸೂಯೆಯ ಮುದ್ದೆ.

"ಏನೋ ವಾಟಿ, ಹಾಸಿಗೆ ಹೊದಿಕೆ ಒಗೀತಿದೀಯಾ?"

"ಟೋಪಿ ಕಣೋ."

"ಯಾರಿಗೆ? ಚರ್ಚಿನ ಗೋಪುರಕ್ಕಾ?"

ನಾನು ಹಂಡೆಯ ಕೆಳಗೆ ಇನ್ನೊಂದು ಸೌದೆ ತಳ್ಳಿದೆ. ಗುಣಮಟ್ಟದಲ್ಲಿ ಹೇಳುವುದಾದರೆ ನೂಲು ಅತ್ಯುತ್ತಮ, ಹೆಣಿಗೆ ಅತ್ಯುತ್ತಮ. ಅಳತೆಯ ವಿಷಯದಲ್ಲಿ ಮಾತ್ರ ಒಂದು ಸಣ್ಣ ತಿದ್ದುಪಡಿ ಬೇಕಾಗಿದೆ. ಇನ್ನೂ ಸ್ವಲ್ಪ ದಿನ ಕಾಯಿ.

ನಿನ್ನ ಮಾವ ವಾಟಿ

(ಕುಗ್ಗಲಿಲ್ಲ ಸೆಂಗಾ. ಹತ್ತಿ ಕುಗ್ಗುತ್ತದೆಯೇ ಉಣ್ಣೆಯ ಹಾಗೆ? ಒಂಬತ್ತು ಗಂಟೆ ಕುದಿಸಿ, ಬಡಿದು ಬಡಿದು, ಇನ್ನೂ ಒಂದು ಗೇಣು ಹಿಗ್ಗಿತು. ಈಗ ಕೋಳಿಗೂಡಿನ ಮೇಲೆ ಹೊದಿಸಿದ್ದೇನೆ, ಕೋಳಿಗಳು ತುಂಬಾ ಬೆಚ್ಚಗಿವೆ. — ನೆ.)

ಸ್ಟ್ರಾಮ್‌ನೆಸ್
15 ಮಾರ್ಚ್ 1983

ಪ್ರೀತಿಯ ಮಾವ,

ನಿಮ್ಮ ಪತ್ರ ಓದಿ ನಾನೂ ಎರ್ಲೆಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆಯ ಸಾಲು ಓದಿ ನೆಲದ ಮೇಲೆ ಕೂತುಬಿಟ್ಟೆವು. ಕಾಯುತ್ತೇನೆ, ಅವಸರವಿಲ್ಲ. ಸಮಿತಿಯವರೂ ಒಳ್ಳೆಯವರೇ.

ಸಿಗರ್ಡ್ ತನ್ನ ಹಿತ್ತಲಲ್ಲಿ ಮುಂದಾಳಿನ ಹೆಜ್ಜೆ ಅಭ್ಯಾಸ ಮಾಡುತ್ತಿದ್ದಾನಂತೆ, ಹಿಂದೆ ಅವನ ಎರಡು ಬಾತುಕೋಳಿ. ಅವನ ಹೆಂಡತಿಯೇ ಹೇಳಿದಳು.

ಅಮ್ಮನ ಹಳೆಯ ಫೋಟೋ ಪೆಟ್ಟಿಗೆ ತೆಗೆದಿದ್ದೆ, ನಮ್ಮ ಕಡೆಯ ಟೋಪಿಗಳ ಆಕಾರ ಸರಿಯಾಗಿ ನೋಡಿಕೊಳ್ಳೋಣ ಎಂದು. ನಿಮ್ಮವೇ ಮೂವತ್ತೊಂದು ಫೋಟೋ ಇವೆ. ನನ್ನ ಮದುವೆಯಲ್ಲಿ ಟೋಪಿ ನಿಮ್ಮ ಕೈಯಲ್ಲಿದೆ. ಅಜ್ಜನ ಅರವತ್ತನೇ ಹುಟ್ಟುಹಬ್ಬದಲ್ಲಿ ಮೊಣಕಾಲ ಮೇಲಿದೆ. ಊರ ಕೂಟದಲ್ಲಿ ಎಲ್ಲರ ತಲೆಯ ಮೇಲೂ ಟೋಪಿ, ನಿಮ್ಮದು ಎದೆಯ ಹತ್ತಿರ, ಯಾರಿಗೋ ನಮಸ್ಕಾರ ಮಾಡುತ್ತಿದ್ದೀರಿ. ಮೂವತ್ತೊಂದರಲ್ಲಿ ಒಂದರಲ್ಲೂ ತಲೆಯ ಮೇಲಿಲ್ಲ. ಒಂದರಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು, ಹಣೆಯ ಸುತ್ತ ಒಂದು ಗೆರೆ ಇದೆ.

ಮಾವ, ನಿಮ್ಮ ಹಣೆಯೂ ಕೆರೆಯುತ್ತದೆಯೇ?

ಸೆಂಗಾ

ಸ್ಟೂವರ್ಟನ್
27 ಮಾರ್ಚ್ 1983

ಚಿರಂಜೀವಿ ಸೆಂಗಾಳಿಗೆ ಮಾವನ ಆಶೀರ್ವಾದ.

ಇಲ್ಲಿ ಹವೆ ಚೆನ್ನಾಗಿದೆ. ಆನಿಕ್ ಹೊಳೆ ತುಂಬಿದೆ. ಕೋಳಿಗಳು ಚೆನ್ನಾಗಿವೆ.

ಎರಡನೇ ಪ್ರಯೋಗ. ಕಿಲ್ಮಾರ್ನಕ್ ಪೇಟೆಯಿಂದ ಹೊಸ ನಮೂನೆಯ ನೂಲು ತಂದೆ. ಕುರಿಯದಲ್ಲ, ಗಿಡದ್ದೂ ಅಲ್ಲ, ಕಾರ್ಖಾನೆಯದ್ದು. ಮುಟ್ಟಿದರೆ ಮೋಡ. ಅಂಗಡಿಯ ಹೆಂಗಸು "ಇದಕ್ಕೆ ಬಿಸಿ ತಾಗಿಸ್ಬೇಡಿ ಅಣ್ಣಾ" ಅಂದಳು. ನನಗೇ ಬುದ್ಧಿ ಹೇಳುತ್ತಾಳೆ! ಬಿಸಿಯಿಲ್ಲದೆ ಟೋಪಿ ಎಲ್ಲಿಂದ ಬರಬೇಕು? ಹೆಣೆದೆ, ಅಚ್ಚಿಗೆ ಎಳೆದೆ, ಹಬೆ ಕೊಟ್ಟೆ, ಮೇಲೆ ಇಸ್ತ್ರಿ ಒತ್ತಿದೆ.

ಸೆಂಗಾ, ನಾನು ನೋಡನೋಡುತ್ತಿದ್ದ ಹಾಗೆ ಅದು ಆರಿದ ಗಂಜಿಯ ಹಾಗೆ ಅಚ್ಚಿನ ಮೇಲೆ ಕೂತುಬಿಟ್ಟಿತು. ಈಗ ಟೋಪಿ ಬೇರೆ ಅಲ್ಲ, ಅಚ್ಚು ಬೇರೆ ಅಲ್ಲ. ಹೊಳಪು ಮಾತ್ರ ನೋಡಬೇಕು ನೀನು, ಸೈನ್ಯದ ಬೂಟಿಗೂ ಅಂಥ ಹೊಳಪಿಲ್ಲ. ಇದನ್ನು ಸೋಲು ಎಂದು ಕರೆಯುವವರಿಗೆ ವಿಜ್ಞಾನ ಗೊತ್ತಿಲ್ಲ.

ನಿನ್ನ ಮಾವ ವಾಟಿ

(ನೀನೊಂದು ಪ್ರಶ್ನೆ ಕೇಳಿದ್ದೆ. ಆ ಸಾಲು ಓದಿದವರೇ ಎದ್ದು ಕೋಳಿಗೆ ಕಾಳು ಹಾಕಿ ಬರುತ್ತೇನೆ ಎಂದು ಹೋದರು. ಕೋಳಿಗೆ ಆಗಲೇ ಕಾಳು ಹಾಕಿ ಆಗಿತ್ತು. ಏನಿದು ಸೆಂಗಾ? — ನೆ.)

ಸ್ಟ್ರಾಮ್‌ನೆಸ್
24 ಏಪ್ರಿಲ್ 1983

ಪ್ರೀತಿಯ ಮಾವ,

ನಾಲ್ಕು ವಾರದಿಂದ ನಿಮ್ಮ ಪತ್ರವಿಲ್ಲ. ಇಷ್ಟು ದಿನ ನೀವು ಸುಮ್ಮನಿದ್ದದ್ದು ನನಗೆ ನೆನಪೇ ಇಲ್ಲ. ನಾನು ಹಾಗೆ ಕೇಳಬಾರದಿತ್ತು, ತಪ್ಪಾಯಿತು.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಸಮಿತಿಯವರು ಒಳ್ಳೆಯವರು ಎಂದು ಬರೆದೆನಲ್ಲ, ಅಷ್ಟೇನೂ ಒಳ್ಳೆಯವರಲ್ಲ. ಜೂನ್ 30ರೊಳಗೆ ಟೋಪಿ ತಂದು ಮೇಜಿನ ಮೇಲಿಡಬೇಕು, ಅವರು ಒಪ್ಪಬೇಕು. ಮಾರ್ಚ್ ಮೊದಲ ವಾರವೇ ಹೇಳಿದ್ದರು. ನಿಮಗೆ ಕಷ್ಟ ಆಗಬಾರದೆಂದು ಬರೆಯಲಿಲ್ಲ.

ಆಗದಿದ್ದರೆ ಬಿಡಿ ಮಾವ. ನಿನ್ನೆ ಅಭ್ಯಾಸ ಮುಗಿದ ಮೇಲೆ ಸಿಗರ್ಡ್ ಹತ್ತಿರ ಬಂದು, "ಬಿಟ್ಕೊಡೋದೂ ದೊಡ್ಡತನಾನೇ ಸೆಂಗಾ" ಅಂದ. ಅವನ ದನಿಯಲ್ಲಿ ಕರುಣೆ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಪೈಪು ಪೆಟ್ಟಿಗೆಯೊಳಗಿಟ್ಟೆ, ಇವತ್ತು ತೆಗೆದಿಲ್ಲ.

ಸೆಂಗಾ

ಸ್ಟೂವರ್ಟನ್
1 ಮೇ 1983

ಸೆಂಗಾ,

ಪೈಪು ಹೊರಗೆ ತೆಗೆ. ಮೊದಲು ತೆಗೆದು ಆಮೇಲೆ ಮುಂದೆ ಓದು.

ಹೌದು, ಕೆರೆಯುತ್ತದೆ.

ಹದಿನಾಲ್ಕನೇ ವಯಸ್ಸಲ್ಲಿ ಅಪ್ಪ ಮೊದಲ ಟೋಪಿ ಇಟ್ಟರು. ಅರ್ಧ ಗಂಟೆಗೆ ಹಣೆ ಉರಿಯಿತು. ಹೇಳಿದೆ. ಅಪ್ಪ ಅಂಗಡಿ ತುಂಬಾ ಜನರ ಮುಂದೆ, "ನೋಡ್ರಪ್ಪಾ, ಟೋಪಿಗಾರನ ಮಗನಿಗೆ ಟೋಪಿ ಕಚ್ತದಂತೆ!" ಅಂದರು. ಎಲ್ಲರೂ ನಕ್ಕರು, ರ‍್ಯಾಬ್ ಗೆಮೆಲ್ ಎಲ್ಲರಿಗಿಂತ ಜೋರಾಗಿ. ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಉಪಾಯ ಕಂಡುಕೊಂಡೆ. ಯಾರೇ ಹೆಂಗಸು ಎದುರು ಬರಲಿ, ಟೋಪಿ ತೆಗೆದು ನಮಸ್ಕಾರ. ಪಾದ್ರಿ ಬಂದರೆ ತೆಗೆ. ಮುದುಕರು ಬಂದರೆ ತೆಗೆ. ಯಾರೂ ಬರದಿದ್ದರೆ ಚರ್ಚಿನ ಗೋಡೆಗೆ ತೆಗೆ. ಹೀಗೆ ನಾನು ಏರ್‌ಷೈರಿನಲ್ಲೇ ಅತ್ಯಂತ ಮರ್ಯಾದಸ್ಥ ಎಂದು ಹೆಸರಾದೆ. ಜಂಬವಲ್ಲ, ಪತ್ರಿಕೆಯಲ್ಲಿ ಬಂದಿತ್ತು.

ಊರಿಗೆಲ್ಲ ಉಣ್ಣೆ ಟೋಪಿ ಮಾರುವವನ ಹಣೆಗೆ ಉಣ್ಣೆ ಆಗುವುದಿಲ್ಲ ಎಂದರೆ ಯಾರು ನಂಬಿ ಕೊಳ್ಳುತ್ತಾರೆ? ಹಾಗೆಂದು ಸುಮ್ಮನಿದ್ದೆ. ನಿನಗೆ ಹನ್ನೆರಡು ವರ್ಷವಾದಾಗ ಆ ಟೋಪಿ ಕೊಡುವಾಗಲೂ ಒಂದು ಕ್ಷಣ ಅನ್ನಿಸಿತ್ತು. ನಮ್ಮ ರಕ್ತವಲ್ಲವೇ, ಇವಳಿಗೂ ಇರಬಹುದೇ ಎಂದು. ಕೇಳಲಿಲ್ಲ. ಕೇಳಿದ್ದರೆ ನಾನೂ ಹೇಳಬೇಕಾಗುತ್ತಿತ್ತು. ಇಪ್ಪತ್ತೊಂದು ವರ್ಷ ನೀನು ಒಬ್ಬಳೇ ಕೆರೆದುಕೊಂಡೆ. ಅದು ನನ್ನ ತಪ್ಪು.

ಇಷ್ಟನ್ನೂ ಮೊನ್ನೆ ನಿನ್ನ ಅತ್ತೆಗೆ ಹೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದಳು. ಕೈಯಲ್ಲಿದ್ದ ಬಟ್ಟೆ ನನ್ನ ಮುಖಕ್ಕೆ ಎಸೆದಳು. ಎಸೆದ ಬಟ್ಟೆ ನನ್ನ ತಲೆಯ ಮೇಲೆ ಕೂತಿತು. ಹತ್ತಿನೂಲಲ್ಲಿ ಅವಳೇ ಹೆಣೆದದ್ದು. ಮೆತ್ತಗೆ, ಒದ್ದೆಯಾಗಿ ಕೂತಿದೆ, ಕೆರೆತವೇ ಇಲ್ಲ!

"ನೆಟ್ಟಿ," ಅಂದೆ, "ಇದನ್ನ ಎಷ್ಟು ದೊಡ್ಡದಾಗಿ ಹೆಣೆದು ಕುಗ್ಗಿಸ್ದೆ?"

"ಕುಗ್ಗಿಸೋದಾ? ನಿಮಗೆ ತಲೆ ನೆಟ್ಟಗಿದೆಯಾ? ಬೇಕಾದಷ್ಟಕ್ಕೇ ಹೆಣೆದೆ."

ಬೇಕಾದಷ್ಟಕ್ಕೇ! ಐವತ್ತೊಂದು ವರ್ಷ ನನ್ನ ಕೈ ಅದನ್ನು ಯೋಚಿಸಿಯೇ ಇರಲಿಲ್ಲ. ನಮಗೆ ಟೋಪಿ ಅಂದರೆ ದೊಡ್ಡದಾಗಿ ಹುಟ್ಟಬೇಕು, ಕುದಿಯಬೇಕು, ಚಿಕ್ಕದಾಗಬೇಕು. ಕುಗ್ಗದಿದ್ದರೆ ಬೇಡ! ಸಣ್ಣ ಕಡ್ಡಿಯಲ್ಲಿ, ಎರಡೆಳೆ ಕೂಡಿಸಿ, ಬಿಗಿಯಾಗಿ, ತಲೆಯಷ್ಟಕ್ಕೇ ಹೆಣೆಯುತ್ತೇನೆ. ಒಂದೇ ತೊಡಕು. ಅಚ್ಚಿಗೆ ಎಳೆದು ಸರಿ ಮಾಡುವ ಹಾಗಿಲ್ಲ, ತಲೆಯ ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ನಾನು ಸಾವಿರಾರು ಟೋಪಿ ಮಾಡಿದ್ದೇನೆ, ಒಂದು ತಲೆಯನ್ನೂ ಅಳೆದಿಲ್ಲ. ಒಂದು ದಾರ ಕಳಿಸು. ಹುಬ್ಬಿನ ಮೇಲಿಂದ ಸುತ್ತಿ, ಗಂಟು ಹಾಕು. ಈವತ್ತೇ!

ವಾಟಿ ಮಾವ

(ಸೆಂಗಾ, ನಾನು ಈ ಮನುಷ್ಯನನ್ನು ಮದುವೆಯಾದದ್ದು ಏಕೆ ಗೊತ್ತೇ? ನಲವತ್ತೈದನೇ ಇಸವಿಯ ಸುಗ್ಗಿ ಕುಣಿತದಲ್ಲಿ ನನ್ನ ಮುಂದೆ ಏಳು ಸಲ ಹಾದು ಹೋದರು, ಏಳು ಸಲವೂ ಟೋಪಿ ತೆಗೆದು ಬಾಗಿದರು. ಇಂಥ ಮರ್ಯಾದೆ ಯಾರಲ್ಲಿದೆ ಎಂದು ಕರಗಿಹೋದೆ. ಮೂವತ್ತೆಂಟು ವರ್ಷದ ಮೇಲೆ ತಿಳಿಯಿತು, ಕೆರೆತವಂತೆ! ಎರಡು ದಿನ ಮಾತು ಬಿಟ್ಟಿದ್ದೆ. ದಾರ ಬೇಗ ಕಳಿಸು. — ನೆ.)

ಸ್ಟ್ರಾಮ್‌ನೆಸ್
9 ಮೇ 1983

ಮಾವ! ಅತ್ತೆ!

ಇದರೊಳಗೆ ದಾರ ಇದೆ. ಎರ್ಲೆಂಡ್ ಅಳೆದ. ಏಡಿಬುಟ್ಟಿಗೆ ಹಾಕುವ ಗಂಟನ್ನೇ ಹಾಕಿದ್ದಾನೆ, ಉತ್ತರ ಸಮುದ್ರವೇ ಎಳೆದರೂ ಬಿಚ್ಚುವುದಿಲ್ಲವಂತೆ. "ನಿನ್ ತಲೆ ಇಷ್ಟು ದೊಡ್ಡದು ಅಂತ ಮೊದ್ಲೇ ಗೊತ್ತಿದ್ರೆ ಮನೆ ಬಾಗ್ಲು ಅಗಲ ಮಾಡಿಸ್ತಿದ್ದೆ" ಅಂದ. ಒಂದು ಕೊಟ್ಟೆ.

ಪೈಪು ಹೊರಗೆ ತೆಗೆದೆ. ನಿಮ್ಮ 'ಹೌದು, ಕೆರೆಯುತ್ತದೆ' ಓದಿ ಅಳು ಬಂತು, ಏಳು ನಮಸ್ಕಾರ ಓದಿ ನಗು ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಆ ಬಿಕ್ಕಳಿಕೆಯಲ್ಲೇ ಹಿತ್ತಲಿಗೆ ಹೋಗಿ ಒಂದು ಗಂಟೆ ಊದಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಎಷ್ಟು ಚೆನ್ನಾಗಿತ್ತು!

ಮಾವ, ನೀವು ತಪ್ಪು ಅಂದಿರಿ. ಬಿಸ್ಕತ್ ಡಬ್ಬಿಯಲ್ಲಿಟ್ಟು ತಲೆಯ ಮೇಲಿದೆ ಎಂದು ಬರೆದವಳು ನಾನು. ಇಬ್ಬರದೂ ಸರಿಹೋಯಿತು. ಈಗ ಹೆಣೆಯಿರಿ!

ಸೆಂಗಾ

ಸ್ಟೂವರ್ಟನ್
18 ಜೂನ್ 1983

ಚಿರಂಜೀವಿ ಸೆಂಗಾಳಿಗೆ, ಉಣ್ಣೆರಹಿತ ಟೋಪಿಯ ಪಿತಾಮಹನಾದ ನಿನ್ನ ಮಾವನ ಆಶೀರ್ವಾದ.

ಪೊಟ್ಟಣ ಬಿಚ್ಚುವ ಮೊದಲು ಕೈ ತೊಳೆದುಕೋ. ಬಿಚ್ಚಿದೆಯಾ? ಹೇಗಿದೆ? ಅದೇ ದುಂಡು, ಅದೇ ಚಪ್ಪಟೆ, ಅಂಚಿಗೆ ಅದೇ ಕೆಂಪು ಬಿಳಿ ಚೌಕ, ನೆತ್ತಿಗೆ ಅದೇ ಕೆಂಪು ಕುಚ್ಚು. ಐದು ಹೆಣೆದೆ. ಮೊದಲನೆಯದು ನಿಂತುಕೊಳ್ಳಲಿಲ್ಲ, ದೋಸೆಯ ಹಾಗೆ ಜೋತುಬಿತ್ತು. ಎರಡನೆಯದನ್ನು ಮುಳ್ಳುಕಾಯಿಯಿಂದ ಉಜ್ಜಿದೆ, ಹರಿಯಿತು. ಉಣ್ಣೆಯನ್ನು ಕುದುರೆ ಉಜ್ಜಿದ ಹಾಗೆ ಉಜ್ಜಬೇಕು, ಹತ್ತಿಯನ್ನು ಬೆಕ್ಕು ಸವರಿದ ಹಾಗೆ ಸವರಬೇಕು. ಇದನ್ನು ಕಂಡುಹಿಡಿದವನು ಜಗತ್ತಿನಲ್ಲಿ ನಾನೊಬ್ಬನೇ. ಐದನೆಯದು ನಿನ್ನ ಕೈಯಲ್ಲಿದೆ. ಬಣ್ಣ ನೋಡು! ನಮ್ಮ ಮನೆಯ ನೀಲಿ, ಅದೇ ಹಂಡೆ, ಅದೇ ವಿನೆಗರ್, ಅಜ್ಜನ ಕಾಲದ ಲೆಕ್ಕ. ಅರವತ್ತು ವರ್ಷದ ಮಳೆಯಲ್ಲಿ ನಮ್ಮ ನೀಲಿ ಒಂದು ಹನಿ ಬಿಟ್ಟದ್ದಿಲ್ಲ.

ಅಂಗಡಿಯ ಮೇಜಿನ ಮೇಲೆ ನಾಲ್ಕು ಉಣ್ಣೆ ಟೋಪಿಯ ನಡುವೆ ಅದನ್ನಿಟ್ಟು ರ‍್ಯಾಬ್‌ನನ್ನು ಕರೆದೆ.

"ಇದ್ರಲ್ಲಿ ಒಂದು ಟೋಪಿ ಕುರೀನೇ ಕಂಡಿಲ್ಲ. ಯಾವುದು ಹೇಳು."

ಕನ್ನಡಕ ಹಾಕಿದ, ತೆಗೆದ, ಮೂಸಿದ. ಬೇರೆಯದನ್ನೇ ತೋರಿಸಿದ. ಅದು ಅವನೇ ಮಾಡಿದ ಟೋಪಿ! ಹೊರಗೆ ಹೋದವನು ಛತ್ರಿ ಮರೆತು ಹೋದ.

ಇನ್ನೊಂದು ಗುಟ್ಟು. ನಿನ್ನ ದಾರವನ್ನು ನನ್ನ ತಲೆಗೆ ಸುತ್ತಿ ನೋಡಿದೆ. ಗಂಟು ಬಿಚ್ಚದೆಯೇ ಸರಿಯಾಗಿ ಕೂತಿತು, ನಿನ್ನದೂ ನನ್ನದೂ ಒಂದೇ ಅಳತೆ. ಆರನೆಯದನ್ನು ಹೆಣೆಯುತ್ತಿದ್ದೇನೆ.

ನಿನ್ನ ಮಾವ ವಾಟಿ

(ಸೆಂಗಾ, ನೀಲಿಯ ಬಗ್ಗೆ ನನಗೊಂದು ಅನುಮಾನ. ಮೊದಲು ಹತ್ತಿ ಬಣ್ಣ ಹಿಡಿಯಲೇ ಇಲ್ಲ, ಮೂರು ಸಲ ಅದ್ದಿದರು. ನಾನು ಟೋಪಿ ಮುಟ್ಟಿ ಕೈ ತೊಳೆದರೆ ತೊಟ್ಟಿ ನೀಲಿಯಾಯಿತು. ಹೇಳಿದೆ. 'ನಮ್ಮ ನೀಲಿಗೆ ಬುದ್ಧಿ ಹೇಳ್ಬೇಡ' ಅಂದರು. ಮಳೆ ಬರದಿರಲಿ ಎಂದು ಕೇಳಿಕೋ. — ನೆ.)

ಸ್ಟ್ರಾಮ್‌ನೆಸ್
24 ಜುಲೈ 1983

ಪ್ರೀತಿಯ ಮಾವ, ಅತ್ತೆ,

ಮಳೆ ಬಂತು.

ಮೊದಲಿಂದ ಹೇಳುತ್ತೇನೆ. ಜೂನ್ 30ಕ್ಕೆ ಸಮಿತಿಯ ಮೇಜಿನ ಮೇಲೆ ಟೋಪಿ ಇಟ್ಟೆ. ಒಬ್ಬರಾದ ಮೇಲೆ ಒಬ್ಬರು ತಿರುಗಿಸಿ ನೋಡಿದರು. ಸಿಗರ್ಡ್ ತನ್ನದನ್ನು ಪಕ್ಕದಲ್ಲಿಟ್ಟು, ಬಾಗಿಲವರೆಗೆ ಹೋಗಿ, ದೂರದಿಂದ ನೋಡಿದ. "ನೀಲಿ ತಲೇನೇ" ಅಂದ. ಅಷ್ಟೇ. ಒಪ್ಪಿಗೆ ಆಯಿತು.

ನಿನ್ನೆ ಎರಡು ಗಂಟೆಗೆ ದಕ್ಕೆಯಿಂದ ಹೊರಟೆವು. ಬೀದಿಯ ಎರಡೂ ಕಡೆ ಜನ, ಕಿಟಕಿಯಲ್ಲಿ ಜನ, ದೋಣಿಗಳ ಮೇಲೆ ಜನ. ನಾನು ಮುಂದೆ! ಮಾವ, ಅದನ್ನು ಹೇಗೆ ಬರೆಯಲಿ? ಮೊದಲ ಊದಿಗೆ ಹಿಂದಿನಿಂದ ಹತ್ತೊಂಬತ್ತು ಜನರ ಸದ್ದು ಬೆನ್ನಿಗೆ ಕೈ ಹಾಕಿ ತಳ್ಳಿದ ಹಾಗೆ ಬಂತು. ಹಣೆ ತಣ್ಣಗಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ಕಾಯುತ್ತಲೇ ಇದ್ದೆ, ಉರಿ ಬರಲೇ ಇಲ್ಲ.

ಚರ್ಚಿನ ತಿರುವಿನಲ್ಲಿ ಸುರಿಯಿತು ನೋಡಿ. ಐದು ನಿಮಿಷಕ್ಕೆ ಏನೋ ತಣ್ಣಗೆ ಹುಬ್ಬಿನ ಮೇಲಿಂದ ಇಳಿಯಿತು. ಮೂಗಿನ ಪಕ್ಕ ಬಂತು, ಗಲ್ಲಕ್ಕೆ ಬಂತು. ಬಿಳಿ ಕಾಲರಿನ ಮೇಲೆ ಹನಿ ಬಿದ್ದಾಗ ನೋಡಿದೆ, ನೀಲಿ! ಎರಡು ಕೈಯೂ ಪೈಪಿನ ಮೇಲೆ, ಒರೆಸುವ ಹಾಗಿಲ್ಲ. ಮಕ್ಕಳು ಪಕ್ಕದಲ್ಲಿ ಓಡುತ್ತಾ "ನೀಲಿ ಅಕ್ಕಾ! ನೀಲಿ ಅಕ್ಕಾ!" ಎಂದು ಕೂಗತೊಡಗಿದರು. ಒಬ್ಬ ಮುದುಕ, "ಹಿಂಗೇ ಮುಖಕ್ಕೆ ನೀಲಿ ಬಳ್ಕೊಂಡು ಯುದ್ಧಕ್ಕೆ ಹೋಗ್ತಿದ್ರು ಹಳೇ ಕಾಲದ ನಮ್ಮೋರು" ಎಂದು ಟೋಪಿ ತೆಗೆದ. ಒಂದು ಸ್ವರ ತಪ್ಪಲಿಲ್ಲ ಮಾವ. ಒಂದು ಹೆಜ್ಜೆ ತಪ್ಪಲಿಲ್ಲ. ಕೊನೆಯವರೆಗೂ ಟೋಪಿ ತಲೆಯ ಮೇಲೇ ಇತ್ತು.

ಮುಗಿದ ಮೇಲೆ ಸಿಗರ್ಡ್ ಬಂದ. ನನ್ನನ್ನೇ ದಿಟ್ಟಿಸಿದ. ಬೈಯುತ್ತಾನೆ ಅಂದುಕೊಂಡೆ.

"ಇಪ್ಪತ್ತು ನೀಲಿ ತಲೆ ಕೇಳಿದ್ದೆ," ಅಂದ. "ಮುಖ ಕೇಳಿರ್ಲಿಲ್ಲ."

ಆಮೇಲೆ ತನ್ನ ಕರವಸ್ತ್ರ ಕೊಟ್ಟು, "ಮುಂದಿನ ವರ್ಷಕ್ಕೆ ಬಣ್ಣ ಗಟ್ಟಿ ಮಾಡಿಸ್ಕೊಂಡು ಬಾ" ಅಂದ. ಮುಂದಿನ ವರ್ಷ ಅಂದ ಮಾವ! ಅವನ ಬಾಯಿಂದಲೇ!

ಮನೆಗೆ ಬಂದು ಟೋಪಿ ತೆಗೆದು ಕನ್ನಡಿ ನೋಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಮೆರವಣಿಗೆಯಿಂದ ಬಂದ ನನ್ನ ಹಣೆ ಕೆಂಪಾಗಿರಲಿಲ್ಲ. ಮೂರು ಸಲ ಸೋಪು ಹಾಕಿದ್ದೇನೆ, ಇನ್ನೂ ನೀಲಿ. ಎರ್ಲೆಂಡ್ ಏಡಿಗಳಿಗೆ ನನ್ನನ್ನು ತೋರಿಸಿ ಹೆದರಿಸುತ್ತಿದ್ದಾನೆ.

ನಿಮ್ಮ ಟೋಪಿ ನನ್ನ ತಲೆಯ ಮೇಲೇ ಇದೆ. ಈ ಸಲ ನಿಜ.

ಸೆಂಗಾ

ಸ್ಟೂವರ್ಟನ್
7 ಆಗಸ್ಟ್ 1983

ಆರ್ಕ್ನಿಯ ಮುಂದಾಳು ಚಿರಂಜೀವಿ ಸೆಂಗಾಳಿಗೆ ಮಾವನ ನೂರು ಆಶೀರ್ವಾದ.

ನಿನ್ನ ಪತ್ರವನ್ನು ಬೇಕರಿಯಲ್ಲಿ ಗಟ್ಟಿಯಾಗಿ ಓದಿದೆ, ಈ ಸಲ ಮೊದಲೇ ಪೂರ್ತಿ ಓದಿಕೊಂಡು. ನೀಲಿಯ ವಿಷಯ ಬಂದಾಗ ರ‍್ಯಾಬ್, "ಉಣ್ಣೆ ಬಣ್ಣ ಹತ್ತಿಗೆ ಕಚ್ತದೇನೋ ಪೆದ್ದೇ, ಬೇರೆ ಮದ್ದು ಬೇಕು" ಅಂದ. ಅದು ನನಗೂ ಗೊತ್ತಿತ್ತು. ಆ ದಿನ ನೆನಪಿಗೆ ಬಂದಿರಲಿಲ್ಲ, ಅಷ್ಟೇ. ಹೊಸ ಬಣ್ಣ ತರಿಸಿದ್ದೇನೆ.

ನಿನ್ನೆ ನಮ್ಮ ಟೋಪಿಗಾರರ ಕೂಟ. ಆರನೆಯದನ್ನು ಹಾಕಿಕೊಂಡು ಹೊರಟೆ, ಅದು ಹಳೆಯ ಬಣ್ಣದ್ದೇ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಟೋಪಿ ತಲೆಯ ಮೇಲೆ! ಐವತ್ತೊಂದು ವರ್ಷದಲ್ಲಿ ಮೊದಲ ಸಲ! ಎಂಥ ಸುಖ ಸೆಂಗಾ! ಆ ಸುಖದಲ್ಲಿ ನಾನು ಯಾರಿಗೂ ಟೋಪಿ ತೆಗೆಯಲಿಲ್ಲ, ಮರೆತೇಹೋಯಿತು. ಕಸಾಯಿಯ ಹೆಂಡತಿ, ಪೋಸ್ಟ್‌ಮಾಸ್ಟರ ತಂಗಿ, ಪಾದ್ರಿಯ ಅಮ್ಮ, ಮೂವರೂ ನಿಂತು ನೋಡಿದರಂತೆ. ಕೂಟದಲ್ಲಿ ಪಾದ್ರಿಯ ಅಮ್ಮ ಎಲ್ಲರೆದುರು ಕೇಳಿಯೇಬಿಟ್ಟರು.

"ಏನಪ್ಪಾ ವಾಟಿ, ನಾವೇನು ತಪ್ಪು ಮಾಡಿದ್ವಿ? ಮರ್ಯಾದೆ ಎಲ್ಲಾ ಮನೇಲಿಟ್ಟು ಬಂದಿದೀಯಲ್ಲ?"

ಇಡೀ ಸಭಾಂಗಣ ತಿರುಗಿತು. ಸುಳ್ಳಿಗೆ ನನ್ನ ಬಾಯಿ ಯಾವತ್ತೂ ತಡವರಿಸಿದ್ದಿಲ್ಲ, ಮೂರು ಸುಳ್ಳು ತಯಾರೂ ಇದ್ದವು. ಆದರೆ ನೀಲಿ ಮುಖ ಹೊತ್ತು ಊದುತ್ತಾ ನಡೆದವಳು ಕಣ್ಣ ಮುಂದೆ ಬಂದಳು. ಬೆಂಚಿನ ಮೇಲೆ ಹತ್ತಿದೆ.

"ಅದು ಮರ್ಯಾದೆ ಅಲ್ಲ ಕಣಮ್ಮಾ, ಕೆರೆತ! ಉಣ್ಣೆ ನನಗೆ ಆಗಲ್ಲ. ಹುಟ್ಟಿದಾಗಿಂದ ಆಗಲ್ಲ. ಇದು ಹತ್ತಿ. ನೋಡ್ರಿ ಎಲ್ಲಾ, ಟೋಪಿಗಾರ ಪಿಕನ್ನಿಗೆ ಟೋಪಿ ಕಚ್ತದೆ!"

ನಕ್ಕರು ನೋಡು, ಛಾವಣಿ ಹಾರುವ ಹಾಗೆ. ಹದಿನಾಲ್ಕರಲ್ಲಿ ಕೇಳಿದ ಅದೇ ನಗು. ಆದರೆ ಈ ಸಲ ಬೆಂಚಿನ ಮೇಲೆ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ರ‍್ಯಾಬ್ ಗೆಮೆಲ್ ಮಾತ್ರ ನಗಲಿಲ್ಲ.

ಏಕೆಂದು ಈ ಬೆಳಿಗ್ಗೆ ತಿಳಿಯಿತು. ಹಿತ್ತಲ ಬಾಗಿಲು ತಟ್ಟಿ ಒಳಗೆ ಬಂದ. ಜೇಬಿನಿಂದ ಗಂಟು ಹಾಕಿದ ಒಂದು ದಾರ ತೆಗೆದು ಮೇಜಿನ ಮೇಲಿಟ್ಟ.

"ನನ್ನ ಸೋದರಳಿಯನಿಗೆ," ಅಂದ.

"ಪಾಪ," ಅಂದೆ. "ಆರು ವರ್ಷದ ಹುಡುಗನಿಗೆ ಇಷ್ಟು ದೊಡ್ಡ ತಲೆಯಾ?"

"ಬಾಯ್ ಮುಚ್ಕೊಂಡು ಹೆಣಿಯೋ," ಅಂದ ರ‍್ಯಾಬ್. ಅವನ ಟೋಪಿ ಅವನ ಕೈಯಲ್ಲಿತ್ತು.

ನಿನ್ನ ಮಾವ ವಾಟಿ

(ಸೆಂಗಾ, ಕೂಟದಿಂದ ಬರುವಾಗ ತುಂತುರು ಹನಿಯುತ್ತಿತ್ತು. ದಾರಿಯುದ್ದಕ್ಕೂ ಜಂಬ ಕೊಚ್ಚಿಕೊಂಡು ಬಂದವರು ನಮ್ಮ ಗೇಟಿನ ಹತ್ತಿರ ನಿಂತರು. ಟೋಪಿ ತೆಗೆದು ನನಗೆ ಬಾಗಿ ನಮಸ್ಕಾರ ಮಾಡಿದರು, ನಲವತ್ತೈದರ ಕುಣಿತದಲ್ಲಿ ಮಾಡಿದ ಹಾಗೇ. ನಾನು ಸುಮ್ಮನೆ ನಂಬುವವಳಲ್ಲ. ಕೈಯಿಟ್ಟು ಹಣೆ ಮುಟ್ಟಿ ನೋಡಿದೆ. ದದ್ದಿರಲಿಲ್ಲ, ತಣ್ಣಗಿತ್ತು. ಬರೀ ನೀಲಿ. — ನೆ.)